ಓರೆಬಾಯಿಯ ಮೌತ್‌ಪೀಸ್

ಮಾರ್ಚ್ ೯

ಅಪ್ಪನಿಗೆ,

ಫೋನು ಬಿಟ್ಟು ಪತ್ರ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡ. ಮಗು ಚೆನ್ನಾಗಿದ್ದಾಳೆ. ಹಗಲೆಲ್ಲ ನಿದ್ದೆ ಹೊಡೆದು ರಾತ್ರಿ ನಮ್ಮಿಬ್ಬರನ್ನೂ ಕಾವಲಿಗೆ ಕೂರಿಸುತ್ತಾಳೆ. ತೊಂದರೆ ಆಗಿರುವುದು ನನಗೆ.

ಹೋದ ವಾರ ಬೆಳಗ್ಗೆ ಹಲ್ಲುಜ್ಜಿ ಬಾಯಿಗೆ ನೀರು ಹಾಕಿಕೊಂಡರೆ ನೀರು ನಿಲ್ಲದೆ ಎದೆಯ ಮೇಲೆ ಸುರಿಯಿತು. ಕನ್ನಡಿ ನೋಡಿದೆ. ಮುಖದ ಎಡಭಾಗ ಜೋತುಬಿದ್ದಿತ್ತು. ಎಡಗಣ್ಣು ಮುಚ್ಚುವುದಿಲ್ಲ, ಹುಬ್ಬು ಏರುವುದಿಲ್ಲ, ತುಟಿಯ ತುದಿ ಕೆಳಗೆ ಜಾರಿದೆ. ನಾನು ತಮಾಷೆ ಮಾಡುತ್ತಿದ್ದೇನೆಂದು ಇವರು ಮೊದಲು ನಕ್ಕರು. ಆಮೇಲೆ ಸ್ಕೂಟರಿನ ಬೀಗದ ಕೈ ಹುಡುಕಾಡಿದರು.

ಮುಖದ ನರ ಊದಿಕೊಂಡಿದೆಯಂತೆ. ಹೆರಿಗೆಯ ಆಸುಪಾಸಿನಲ್ಲಿ ಕೆಲವರಿಗೆ ಹೀಗಾಗುವುದುಂಟಂತೆ. "ಬಹಳ ಜನಕ್ಕೆ ತಾನಾಗೇ ಸರಿಹೋಗುತ್ತೆ," ಅಂದರು ಡಾಕ್ಟರು. "ಸರಿಹೋಗದೇ ಇರೋರಿಗೆ?" ಅಂತ ಕೇಳಿದೆ. "ನೀವು ಏನು ಕೆಲಸ ಮಾಡ್ತೀರಿ?" ಅಂದರು. ನಗರದ ವಾದ್ಯವೃಂದದಲ್ಲಿ ಟ್ರಂಪೆಟ್ ಊದುತ್ತೇನೆ, ಮೊದಲನೇ ಕುರ್ಚಿ, ಮುಖ್ಯ ಭಾಗ ನನ್ನದು ಅಂದೆ. ಅವರು ಪೆನ್ನಿಗೆ ಮುಚ್ಚಳ ಹಾಕಿ, ಮತ್ತೆ ತೆಗೆದು, "ಕಾಯೋಣ," ಅಂದರು.

ತುಟಿ ಕೂಡಿಸಿ ಹೇಳುವ ಅಕ್ಷರ ಒಂದೂ ಬರುವುದಿಲ್ಲ. "ಅಪ್ಪ" ಅನ್ನಲು ಹೋದರೆ ಗಾಳಿ ಸೋರಿ "ಅಫ್ಫ" ಅಂತ ಕೇಳುತ್ತದೆ. ಅದಕ್ಕೇ ಫೋನು ಮಾಡಿಲ್ಲ. ಅಮ್ಮನಿಗೆ ನೀನೇ ಹೇಳು, ಮೆಲ್ಲಗೆ.

ನಿನ್ನೆ ಟ್ರಂಪೆಟ್ ತೆಗೆದೆ. ಊದಬೇಡ ಅಂತ ನೀನು ಬೈಯುವುದಾದರೆ ಬೈ. ಉಸಿರು ತುಟಿಗಿಟ್ಟ ಮೌತ್‌ಪೀಸಿನೊಳಗೆ ಹೋಗುವ ಬದಲು ಕೆನ್ನೆಯ ಪಕ್ಕದಿಂದ ಪುಸ್ಸೆಂದು ಹೋಗಿಬಿಡುತ್ತದೆ. ನೀನು ಕೆಲಸಕ್ಕಿರುವ ವಾದ್ಯದಂಗಡಿಯಲ್ಲಿ ಹಳೇ ಮೌತ್‌ಪೀಸುಗಳಿಂದ ಗೋಡೆ ತುಂಬಾ ಖಾನೆ ತುಂಬಿಸಿಟ್ಟಿದ್ದೀಯಲ್ಲ, ಸತ್ತ ತುಟಿಯನ್ನೂ ಹಿಡಿದುಕೊಳ್ಳುವಂಥ ಅಗಲ ಅಂಚಿನದು ಯಾವುದಾದರೂ ಇದೆಯಾ ನೋಡು.

ನಿನ್ನ
ಗುಬ್ಬಿ


ಮಾರ್ಚ್ ೨೦

ಗುಬ್ಬಿ,

ಪತ್ರವನ್ನು ಅಂಗಡಿಯಲ್ಲೇ ನಿಂತು ಓದಿದೆ. ಅಂಗಡಿಯ ಯಜಮಾನರು ಮೆಲ್ಲಗೆ ಬಂದು, "ಯಾರಾದ್ರೂ ಹೋಗ್ಬಿಟ್ರಾ?" ಅಂತ ಕೇಳಿದರು. ಇಲ್ಲ ಅಂದೆ. ಅಮ್ಮನಿಗೆ ಹೇಳುವ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದೆ. ಅವಳು ಬಾಗಿಲಲ್ಲೇ ನನ್ನನ್ನು ನೋಡಿ, "ಮಗುಗೆ ಏನಾಯ್ತು?" ಅಂದಳು. "ಮಗುಗಲ್ಲ, ಮಗಳಿಗೆ," ಅಂದೆ. ಜೋಡಿಸಿಕೊಂಡದ್ದೆಲ್ಲ ಹಾಗೇ ಉಳಿಯಿತು. ಈಗಲೇ ರೈಲು ಹತ್ತುತ್ತೇನೆಂದು ಕೂತಿದ್ದಾಳೆ. ಮಂಡಿ ಆಪರೇಷನ್ ಆದವಳು ಅಡುಗೆಮನೆಗೆ ಹೋಗಲು ಗೋಡೆ ಹಿಡಿಯುತ್ತಾಳೆ. ರೈಲು ಹತ್ತಿಸಲು ನಾನು ಕ್ರೇನ್ ತರಿಸಬೇಕು. ಹಾಗೆಂದದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು.

ಪೊಟ್ಟಣದಲ್ಲಿ ಎರಡು ಮೌತ್‌ಪೀಸ್ ಇಟ್ಟಿದ್ದೇನೆ. ಕಪ್ಪಾಗಿರುವುದು ಮೆರವಣಿಗೆಯ ಬ್ಯಾಂಡಿಗೆ ಮಾಡಿದ್ದು. ಅಂಚು ಅಗಲ, ಮೆತ್ತಗೆ ಉರುಟಾಗಿದೆ. ನಡೆಯುತ್ತಾ ಊದುವವರ ತುಟಿ ಕೊಯ್ಯಬಾರದೆಂದು ಹಾಗೆ ಮಾಡುತ್ತಿದ್ದರು. ಟ್ರಂಪೆಟ್ಟಿಗೆ ಸಿಕ್ಕಿಸುವ ಬಾಲದ ತುದಿ ಸ್ವಲ್ಪ ತಟ್ಟಿಹೋಗಿತ್ತು, ಸರಿಮಾಡಿದ್ದೇನೆ. ಇನ್ನೊಂದರ ತುಟಿ ಕೂರುವ ಬಟ್ಟಲು ಆಳವಾಗಿದೆ, ಗಾಳಿ ಹೋಗುವ ಕಂಠ ಅಗಲ. ಯಾರೋ ಆಮೇಲೆ ಕೊರೆದು ದೊಡ್ಡದು ಮಾಡಿದ್ದಾರೆ, ಒಳಗೆ ಉಳಿಯ ಗೀರು ಕಾಣುತ್ತದೆ. ಸಂಗ್ರಹಕಾರರಿಗೆ ಅದು ಕೆಟ್ಟ ಮಾಲು, ಊದುವವರಿಗೆ ಅನುಕೂಲ. ಡಾಕ್ಟರು ಹೂಂ ಅಂದ ಮೇಲೆಯೇ ತುಟಿಗಿಡು.

ಧೈರ್ಯಗೆಡಬೇಡ. ನಾನು ಈ ಕೆಲಸಕ್ಕೆ ಸೇರಿದ ಕಾಲದಲ್ಲಿ ಇಲ್ಲಿ ಓರೆಬಾಯಿ ಎಂದು ಕರೆಸಿಕೊಳ್ಳುತ್ತಿದ್ದ ಟ್ರಂಪೆಟ್ಟಿನವನೊಬ್ಬನಿದ್ದ. ಟ್ರಾಮಿನಿಂದ ಬಿದ್ದು ದವಡೆ ಮುರಿದು ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತ್ತು. ಲೇತ್ ಕೆಲಸದ ಮುದುಕನೊಬ್ಬ ಅವನಿಗೆಂದೇ ಒಂದು ಮೌತ್‌ಪೀಸ್ ಮಾಡಿಕೊಟ್ಟನಂತೆ. ಬಟ್ಟಲನ್ನು ನಡುವೆ ಕೊರೆಯದೆ ಪಕ್ಕಕ್ಕೆ ಸರಿಸಿ ಕೊರೆದದ್ದು. ಅದನ್ನಿಟ್ಟುಕೊಂಡು ಓರೆಬಾಯಿ ವರ್ಷಗಟ್ಟಲೆ ರೇಡಿಯೋ ವಾದ್ಯವೃಂದದಲ್ಲಿ ಕೂತ. ಅವನಿಗೆ ಆದದ್ದು ನಿನಗೆ ಆಗದೇ ಹೋಗುತ್ತದೆಯೇ?

ಕಣ್ಣಿಗೆ ಧೂಳು ಬೀಳದಂತೆ ಪಟ್ಟಿ ಕಟ್ಟಿಕೋ ಎಂದು ಅಮ್ಮ ಹೇಳುತ್ತಿದ್ದಾಳೆ.

ಅಪ್ಪ


ಏಪ್ರಿಲ್ ೧೪

ಅಪ್ಪ,

ಎರಡೂ ಆಗಲಿಲ್ಲ. ಕಪ್ಪು ಮೌತ್‌ಪೀಸಿನಲ್ಲಿ ಒಂದು ಸ್ವರ ಬಂತು. ಬಂತು ಅನ್ನುವಷ್ಟರಲ್ಲಿ ಸೋರಿಹೋಯಿತು. ಬೆರಳಿನಿಂದ ತುಟಿಯ ತುದಿ ಒತ್ತಿ ಹಿಡಿದರೆ ಇನ್ನೊಂದಿಷ್ಟು ಹೊತ್ತು ನಿಲ್ಲುತ್ತದೆ. ಒಂದು ಕೈ ಮುಖಕ್ಕೆ, ಒಂದು ಕೈ ಟ್ರಂಪೆಟ್ಟಿಗೆ. ಮಗುವನ್ನು ಎತ್ತಿಕೊಳ್ಳಲು ಮೂರನೇ ಕೈ ಬೇಕು.

ನಿರ್ದೇಶಕರು ಕರೆಸಿದ್ದರು. ತುಂಬಾ ಮರ್ಯಾದೆಯಿಂದ ಮಾತಾಡಿದರು. ಹಾಗೆ ಮಾತಾಡಿದಾಗಲೇ ನನಗೆ ಅರ್ಥವಾಯಿತು. ಸೆಪ್ಟೆಂಬರ್ ತನಕ ನನ್ನ ಕುರ್ಚಿ ನನ್ನದೇ. ಆಮೇಲೆ ಎಲ್ಲರಿಗೂ ಪರೀಕ್ಷೆ, ನನಗೂ. ಅಲ್ಲಿಯತನಕ ಪಕ್ಕದ ಕುರ್ಚಿಯವನು ನನ್ನ ಜಾಗದಲ್ಲಿ ಊದುತ್ತಾನೆ. ಅವನ ವಿಷಯ ನಿನಗೆ ಗೊತ್ತಲ್ಲ, ನನ್ನ ಕೈಕೆಳಗೆ ಎರಡನೆಯವನಾಗಿ ಸೇರಿದವನು. ವಾರಕ್ಕೊಮ್ಮೆ ಮನೆಗೆ ಬಂದು ಮಗು ಮುಂದೆ ಕೀಲಿಕೊಟ್ಟ ಆಟಿಕೆ ಕಪ್ಪೆ ಕುಣಿಸಿ ಹೋಗುತ್ತಾನೆ. ಕೆಟ್ಟವನಾಗಿದ್ದರೆ ಅನುಕೂಲವಾಗುತ್ತಿತ್ತು.

ಮಗು ನಗಲು ಕಲಿಯುತ್ತಿದ್ದಾಳೆ. ಬಾಯಿಯ ಬಲಗಡೆ ಮಾತ್ರ ಎತ್ತುತ್ತಾಳೆ ಅಂತ ನನಗೆ ಅನ್ನಿಸುತ್ತದೆ, ನನ್ನನ್ನು ನೋಡಿ. ಇವರು ಇಲ್ಲ ಅನ್ನುತ್ತಾರೆ. ಅವಳನ್ನು ಎತ್ತಿಕೊಂಡಾಗ ಮುಖದ ಎಡಭಾಗ ಅವಳಿಗೆ ಕಾಣದಂತೆ ತಿರುಗಿಸಿಕೊಳ್ಳುತ್ತೇನೆ.

ಓರೆಬಾಯಿಯದನ್ನು ಹುಡುಕು. ನೀನು ಹುಡುಕಿದರೆ ಸಿಗುತ್ತದೆ. ಮೂರಡಿ ದೂರದಿಂದ ನೋಡಿ ಯಾರು ಮಾಡಿದ್ದು ಎಂದು ಹೇಳುವವನು ನೀನು.

ಗುಬ್ಬಿ


ಜೂನ್ ೨

ಗುಬ್ಬಿ,

ತಡವಾಯಿತು. ಬರೆಯಲು ಏನಾದರೂ ಇರಲಿ ಎಂದು ಕಾಯುತ್ತಿದ್ದೆ.

ಹಳೇ ಸಾಮಾನಿನ ಬೀದಿಯಲ್ಲಿ ಎಲ್ಲರಿಗೂ ಹೇಳಿಟ್ಟೆ. ಅದೇ ತಪ್ಪಾಯಿತು. ಬೇಕೆಂದವನಿಗೆ ಬೇಕಾದ್ದನ್ನು ಮಾಡಿಕೊಡುವವರು ಇಲ್ಲಿ ಬೇಕಾದಷ್ಟು ಜನ. ಹೋದ ವಾರ ಒಬ್ಬ, "ಇದೇ ಸಾರ್ ಓರೆಬಾಯಿದು, ಅಜ್ಜನ ಪೆಟ್ಟಿಗೇಲಿತ್ತು," ಅಂತ ತಂದ. ಬಟ್ಟಲು ಪಕ್ಕಕ್ಕೇ ಇತ್ತು. ಮೈಮೇಲೆ ಲೇತ್ ಮುದುಕನ ಮುದ್ರೆಯೂ ಇತ್ತು, ಬಾಲ ಬಾಗಿದ ಮೀನಿನದು. ಭೂತಗನ್ನಡಿ ಹಿಡಿದೆ. ಹಳೆಯವರು ಮೊದಲು ಮುದ್ರೆ ಒತ್ತಿ ಆಮೇಲೆ ಬೆಳ್ಳಿ ಲೇಪ ಹಾಕುತ್ತಿದ್ದರು. ಗೀರಿನ ತಳದಲ್ಲೂ ಬೆಳ್ಳಿ ಇರುತ್ತದೆ. ಇದರ ಗೀರಿನೊಳಗೆ ಹಳದಿ ಹಿತ್ತಾಳೆ ಹೊಳೆಯುತ್ತಿತ್ತು, ಮೊನ್ನೆ ಮೊನ್ನೆ ಒತ್ತಿದ್ದು. "ನಿಮ್ಮ ಅಜ್ಜ ಹೋದ ತಿಂಗಳೂ ಕೆಲಸ ಮಾಡ್ತಿದ್ರಾ?" ಅಂತ ಕೇಳಿದೆ. ಅವನು ನಕ್ಕುಬಿಟ್ಟ. ನಾನೂ ನಕ್ಕೆ. ಅವನು ಹೋದ ಮೇಲೆ ಬಹಳ ಹೊತ್ತು ಸ್ಟೂಲಿನ ಮೇಲೆ ಕೂತಿದ್ದೆ.

ಅಳಿಯ ಫೋನಿನಲ್ಲಿ ಮಗುವಿನ ಸುದ್ದಿ ಬಿಟ್ಟು ಬೇರೇನೂ ಹೇಳುವುದಿಲ್ಲ. ನೀನು ಊಟ ಮಾಡುತ್ತೀಯಾ? ಕಣ್ಣು ಮುಚ್ಚುತ್ತದೆಯಾ? ಇಷ್ಟನ್ನಾದರೂ ಒಂದು ಕಾರ್ಡಿನಲ್ಲಿ ಬರೆದು ಹಾಕು. ಅಮ್ಮ ಕೋಲು ಹಿಡಿದು ಬೀದಿಯ ತಿರುವಿನತನಕ ಹೋಗಿ ಬರುತ್ತಿದ್ದಾಳೆ. ಅಂಚೆಯವನನ್ನು ಅಲ್ಲೇ ಹಿಡಿಯಬಹುದಂತೆ.

ಅಪ್ಪ


ಜುಲೈ ೧೧

ಗುಬ್ಬಿ,

ಸಿಕ್ಕಿತು.

ಓರೆಬಾಯಿ ಇನ್ನೂ ಬದುಕಿದ್ದಾನೆ. ನನಗೆ ಅದೇ ಗೊತ್ತಿರಲಿಲ್ಲ. ಊರಿನ ಆ ತುದಿಯಲ್ಲಿ, ಬಟ್ಟೆ ಗಿರಣಿಯ ಹಿಂದೆ ಒಂದು ವೃದ್ಧಾಶ್ರಮವಿದೆ. ಅಲ್ಲಿ ಪಿಯಾನೋ ಶ್ರುತಿ ಮಾಡಲು ಹೋದವನು ಬಂದು ಹೇಳಿದ. ಭಾನುವಾರ ಹೋದೆ. ಕಿಟಕಿಯ ಪಕ್ಕದ ಮಂಚ, ತೆಳ್ಳಗೆ ಒಣಗಿದ ಮುದುಕ, ಮಾತಾಡುವಾಗ ಬಾಯಿ ಬಲಕ್ಕೆ ಹೋಗುತ್ತದೆ. ನಿನ್ನ ವಿಷಯ ಹೇಳಿದೆ. ದಿಂಬಿನ ಕೆಳಗಿಂದ ಒಂದು ಕಾಲುಚೀಲ ತೆಗೆದು ಕೈಗೆ ಕೊಟ್ಟ. ಅದರೊಳಗಿತ್ತು. "ಮೊದ್ಲು ನೋಡಪ್ಪ ನೀನು. ಆಮೇಲೆ ಮಾತಾಡೋಣ," ಅಂದ.

ಅಂಗಡಿಗೆ ತಂದು ಎರಡು ದಿನ ನೋಡಿದೆ. ಅನುಮಾನವೇ ಇಲ್ಲ, ಅಸಲಿ. ಮೀನಿನ ಗೀರಿನ ತಳದವರೆಗೂ ಬೆಳ್ಳಿ. ಮೌತ್‌ಪೀಸಿನ ಬಾಲವನ್ನು ಸೂಜಿಗೆ ಸಿಕ್ಕಿಸಿ ತಿರುಗಿಸಿದರೆ ಮೈ ನೆಟ್ಟಗೆ ತಿರುಗುತ್ತದೆ, ಬಟ್ಟಲು ಮಾತ್ರ ಕುಂಟುತ್ತದೆ. ಒಳಗಿನ ಕೊರೆತ ಎಷ್ಟು ನಯವೆಂದರೆ ಉಗುರಿಗೆ ಏನೂ ಸಿಗುವುದಿಲ್ಲ. ಇಷ್ಟು ವರ್ಷದಲ್ಲಿ ಇಂಥದ್ದನ್ನು ನಾನು ಕೈಯಲ್ಲಿ ಹಿಡಿದಿಲ್ಲ.

ಒಂದೇ ಒಂದು ಅರ್ಥವಾಗಿಲ್ಲ. ವರ್ಷಗಟ್ಟಲೆ ಊದಿದ ಮೌತ್‌ಪೀಸಿನ ಅಂಚಿನಲ್ಲಿ ತುಟಿ ಕೂರುವ ಕಡೆ ಬೆಳ್ಳಿ ಸವೆದು ಹಿತ್ತಾಳೆ ಕಾಣಬೇಕು. ಇದರ ಅಂಚು ಹೊಸದಾಗಿದೆ. ಮತ್ತೆ ಲೇಪ ಹಾಕಿಸಿದ್ದರೆ ಮೀನಿನ ಗೀರು ಮಸುಕಾಗುತ್ತಿತ್ತು. ಗೀರು ಚೂಪಾಗಿಯೇ ಇದೆ. ಬರುವ ಭಾನುವಾರ ಹೋಗಿ ಕೇಳುತ್ತೇನೆ. ಆಮೇಲೆ ಕಳಿಸುತ್ತೇನೆ.

ಅಪ್ಪ


ಜುಲೈ ೧೭

ಅಪ್ಪ,

ಏನೂ ಕೇಳಬೇಡ. ಇದ್ದ ಹಾಗೇ ಕಳಿಸು.

ಗುಬ್ಬಿ


ಜುಲೈ ೨೪

ಗುಬ್ಬಿ,

ನಿನ್ನ ಪತ್ರ ಬರುವಷ್ಟರಲ್ಲಿ ಕೇಳಿಬಿಟ್ಟಿದ್ದೆ.

"ತಾತ, ಇದರ ಅಂಚು ಸವೆದೇ ಇಲ್ವಲ್ಲ," ಅಂದೆ. ಮುದುಕ ಕಿಟಕಿಯ ಕಡೆ ನೋಡುತ್ತಿದ್ದವನು ತಿರುಗಿದ. "ಹುಂ. ನೀನು ಕೆಲಸ ಗೊತ್ತಿರೋನು," ಅಂದ. "ಅದನ್ನ ಊದಕ್ಕಾಗ್ಲಿಲ್ಲಪ್ಪ. ಮಾಡಿಕೊಟ್ಟವನು ಒಳ್ಳೇ ಕೆಲಸಗಾರ, ಅವನದೇನೂ ತಪ್ಪಿಲ್ಲ. ತುಟೀಲಿ ಜೀವ ಇಲ್ದಿದ್ರೆ ಹಿತ್ತಾಳೆ ಏನು ಮಾಡುತ್ತೆ?"

"ಮತ್ತೆ ರೇಡಿಯೋದಲ್ಲಿ?"

"ಪಕ್ಕದಲ್ಲಿ ಕೂರ್ತಿದ್ದೋನು ಊದ್ತಿದ್ದ. ಇಬ್ಬರೂ ಒಂದೇ ಸ್ವರ ಊದೋ ಕಡೆ ಜೋರಾಗಿ ಊದ್ತಿದ್ದ. ನಂದೇ ಒಂಟಿ ಭಾಗ ಬಂದ್ರೆ ತನ್ನ ಭಾಗ ಬಿಟ್ಟು ನಂದು ಊದ್ತಿದ್ದ. ನಾನು ಕೆನ್ನೆ ಉಬ್ಬಿಸಿ ಬೆರಳು ಆಡಿಸ್ತಿದ್ದೆ. ರೇಡಿಯೋಲಿ ಮುಖ ಕಾಣಲ್ವಲ್ಲ."

"ಯಾರಿಗೂ ಗೊತ್ತಾಗಲಿಲ್ವಾ?"

"ಎಲ್ಲರಿಗೂ ಗೊತ್ತಿತ್ತು. ಯಾರೂ ಹೇಳ್ಲಿಲ್ಲ. ಮನೇಲಿ ಚಿಕ್ಕ ಮಕ್ಕಳಿದ್ರು ನಂಗೆ. ಅವನು ತೀರಿಹೋದ ಮೇಲೆ ನಾನೂ ಬಿಟ್ಟೆ."

ಕಾಲುಚೀಲವನ್ನು ಮತ್ತೆ ನನ್ನ ಕೈಗೇ ಹಾಕಿ, "ಮಗಳು ಒಂದ್ಸಲ ನೋಡ್ಲಿ. ನೋಡದೆ ಇದ್ರೆ ಅವಳಿಗೆ ಸಮಾಧಾನ ಆಗಲ್ಲ," ಅಂದ.

ಹೊರಗೆ ಬಸ್ ಸ್ಟಾಪಿನಲ್ಲಿ ನಿಂತು ಯೋಚಿಸಿದೆ. ಎರಡು ಬಸ್ಸು ಹೋದವು. ಇದನ್ನೆಲ್ಲ ನುಂಗಿಕೊಂಡು ಮೌತ್‌ಪೀಸ್ ಮಾತ್ರ ಕಳಿಸಬಹುದಿತ್ತು. ನೀನೂ ಅದನ್ನೇ ಕೇಳಿದ್ದೆ. ಆದರೆ ನಿನ್ನನ್ನು ನಾನು ಬಲ್ಲೆ. ಅದು ನಿನ್ನ ತುಟಿಗೆ ಕೂರದೇ ಹೋದರೆ, ಓರೆಬಾಯಿಗೆ ಆದದ್ದು ನನಗೆ ಆಗಲಿಲ್ಲ, ಕೊರತೆ ನನ್ನಲ್ಲೇ ಇದೆ ಅಂದುಕೊಂಡು ಇನ್ನಷ್ಟು ಹಟ ಹಿಡಿದು ಊದುತ್ತೀಯ. ಯಾರಿಗೂ ಆಗಿಲ್ಲ ಅದು. ಅವನಿಗೂ ಆಗಿಲ್ಲ. ಆ ಕಥೆಯನ್ನು ನಿನ್ನ ತಲೆಗೆ ಹಾಕಿದವನು ನಾನೇ, ತೆಗೆಯಬೇಕಾದವನೂ ನಾನೇ.

ಮೌತ್‌ಪೀಸ್ ಇದರ ಜೊತೆಗಿದೆ.

ಅಪ್ಪ


ಅಕ್ಟೋಬರ್ ೬

ಅಪ್ಪ,

ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಆಗಸ್ಟಿನಲ್ಲಿ ಬಂದ ನಿನ್ನ ಪತ್ರಗಳನ್ನು ಒಡೆಯಲೇ ಇಲ್ಲ. ಮೊನ್ನೆ ಒಡೆದೆ. ಎರಡರಲ್ಲೂ ಬರೀ ಅಮ್ಮನ ಮಂಡಿಯ ವಿಷಯ ಬರೆದಿದ್ದೀಯ. ಇಡೀ ಊರಿನವರ ಮೌತ್‌ಪೀಸಿಗೆ ನಿಜವಾದ ಬೆಲೆ ಹೇಳುವವನು ಮಗಳಿಗೊಂದು ಸುಳ್ಳು ಹೇಳಿದ್ದರೆ ಏನು ಹೋಗುತ್ತಿತ್ತು ಅಂತ ಇವರ ಹತ್ತಿರ ಕೂಗಾಡಿದೆ. ಒಂದು ತಿಂಗಳು ನಂಬಿಕೊಂಡಿರುತ್ತಿದ್ದೆ. ಅಷ್ಟಾದರೂ ಸಿಗುತ್ತಿತ್ತು.

ಅದನ್ನು ತುಟಿಗಿಟ್ಟು ನೋಡಿದೆ. ತುಂಬಾ ಚೆನ್ನಾಗಿ ಕೂರುತ್ತದೆ. ನನ್ನ ಬಾಯಿಗೇ ಅಳತೆ ತೆಗೆದು ಮಾಡಿದ ಹಾಗಿದೆ. ಆದರೂ ಸೋರುತ್ತದೆ.

ಕಣ್ಣು ಮುಚ್ಚುತ್ತದೆ ಈಗ. ಮಾತು ಪೂರ್ತಿ ಬಂದಿದೆ. ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. "ಪರವಾಗಿಲ್ವೇ, ಸರಿಹೋಯ್ತಲ್ಲ!" ಅನ್ನುತ್ತಾರೆ ಎಲ್ಲರೂ. ಉಳಿದಿರುವುದು ತುಟಿಯ ಆ ಒಂದು ತುದಿ ಮಾತ್ರ. ಇಷ್ಟೇ ಇರಬಹುದು, ಇನ್ನು ಬರಲಿಕ್ಕಿಲ್ಲ ಅಂದರು ಡಾಕ್ಟರು. ಉಳಿದ ಜನಕ್ಕೆ ಅಷ್ಟು ಸಾಕಾಗುತ್ತದೆ, ನನಗೆ ಸಾಲದು.

ಪರೀಕ್ಷೆಯ ಹಿಂದಿನ ದಿನ ಪಕ್ಕದ ಕುರ್ಚಿಯವನು ಬಂದ. ಕಪ್ಪೆ ತಂದಿರಲಿಲ್ಲ. ನಾನು ಕೊಟ್ಟ ಬಿಸ್ಕತ್ತನ್ನು ಕೈಯಲ್ಲಿ ಹಿಡಿದುಕೊಂಡೇ, ನನ್ನ ಮುಖ ನೋಡದೆ ಹೇಳಿದ. "ನಾಳೆ ಪರದೆ ಹಾಕಿರ್ತಾರೆ. ಯಾರು ಊದೋದು ಅಂತ ಆ ಕಡೆಯವರಿಗೆ ಕಾಣಲ್ಲ. ನಿಮ್ಮ ಸರದೀಲಿ ನಾನು ಬಂದು ಊದ್ತೀನಿ. ಬಾಗಿಲಲ್ಲಿ ನಿಲ್ಲೋರು ನಮ್ಮೋರೇ, ಮಾತಾಡಿದೀನಿ."

ಓರೆಬಾಯಿಯ ಕಥೆಯನ್ನು ನಾನು ಅವನಿಗೆ ಹೇಳಿರಲಿಲ್ಲ ಅಪ್ಪ. ಯಾರಿಗೂ ಹೇಳಿಲ್ಲ.

"ಆಮೇಲೆ ದಿನಾ ಊದೋದು ಯಾರು?" ಅಂದೆ.

"ನಾನೇ ಊದ್ತೀನಿ ದಿನಾ. ಪಕ್ಕದಲ್ಲೇ ಇರ್ತೀನಲ್ಲ."

"ನಿಮ್ಮ ಪರೀಕ್ಷೆ?"

"ಎರಡನೇ ಕುರ್ಚಿ ಸಾಕು ನಂಗೆ."

ಅವನು ಹೇಳಿದ್ದು ನಿಜ. ಹಾಗೆ ನಾಲ್ಕು ವರ್ಷ ನಡೆಸಿಕೊಂಡೂ ಹೋಗುತ್ತಿದ್ದ. ನಾನು ಬೇಡ ಅಂದೆ. ಅವನು ಬಿಸ್ಕತ್ತು ತಿಂದು, ನೀರು ಕುಡಿದು, ಹೊರಟ. ಬಾಗಿಲಲ್ಲಿ, "ಬೇಜಾರು ಮಾಡ್ಕೋಬೇಡಿ," ಅಂದ. ಯಾವುದಕ್ಕೆ ಬೇಜಾರು ಅಂತ ಅವನಿಗೂ ಗೊತ್ತಿರಲಿಲ್ಲ, ನನಗೂ.

ಪರದೆಯ ಹಿಂದೆ ನಿಂತು ನಾನೇ ಊದಿದೆ. ಮೆಲ್ಲಗೆ ಶುರುವಾಗುವ ಉದ್ದ ಸ್ವರ. ಶುರು ಚೆನ್ನಾಗಿಯೇ ಆಯಿತು. ಆಮೇಲೆ ಎಡಗಡೆಯಿಂದ ಗಾಳಿ ಹೋಗತೊಡಗಿತು. ಆ ಸದ್ದು ಸಭಾಂಗಣದ ಕೊನೆಯವರೆಗೂ ಕೇಳಿಸುತ್ತಿತ್ತು. ಮತ್ತೆ ಶುರುಮಾಡಲು ಬಿಟ್ಟರು. ಮತ್ತೆ ಅದೇ. ಮೂರನೇ ಸಲಕ್ಕೆ ನಾನೇ ಟ್ರಂಪೆಟ್ ಇಳಿಸಿ, "ಸಾಕು ಸರ್," ಅಂದೆ. ದನಿಯ ಗುರುತು ಸಿಗದ ಹಾಗೆ ಊದುವವರು ಮಾತಾಡಬಾರದೆಂದು ನಿಯಮ. ಆ ಕಡೆ ಯಾರೋ ಕುರ್ಚಿ ಸರಿಸಿದರು.

ಕುರ್ಚಿ ಅವನಿಗೇ ಹೋಯಿತು. ಹೋದ ವಾರ, ಪರೀಕ್ಷೆಯಾದ ಮೇಲಿನ ಮೊದಲ ಕಛೇರಿ. ಹೋಗಲೇಬೇಕೆಂದು ಹೋದೆ, ಮಗುವನ್ನು ಎತ್ತಿಕೊಂಡು, ಹಿಂದಿನ ಸಾಲಿನಲ್ಲಿ. ಚೆನ್ನಾಗಿ ಊದಿದ ಅಪ್ಪ. ಕೆಟ್ಟದಾಗಿ ಊದಿದ್ದರೆ ಮನೆಗೆ ಬಂದು ಬೈದಾದರೂ ಮಲಗುತ್ತಿದ್ದೆ. ಎತ್ತರದ ಸ್ವರ ಬಂದಾಗ ನನ್ನ ತುಟಿಯೂ ಬಿಗಿಯಾಯಿತು, ಒಂದೇ ಕಡೆ. ಅದು ನನಗೆ ತಿಳಿದದ್ದು ಮಗು ಕೈಚಾಚಿ ಮುಟ್ಟಿ ನೋಡಿದಾಗ.

ಪಾಠ ಹೇಳು ಅನ್ನುತ್ತಾರೆ ಎಲ್ಲರೂ. ಊದಿ ತೋರಿಸದೆ ಏನು ಹೇಳಿಕೊಡಲಿ? ಇವರು ಏನೂ ಅನ್ನುವುದಿಲ್ಲ. ಪಾತ್ರೆ ತೊಳೆಯುತ್ತಾರೆ, ಮಗುವಿಗೆ ಸ್ನಾನ ಮಾಡಿಸುತ್ತಾರೆ, ಟ್ರಂಪೆಟ್ ಪೆಟ್ಟಿಗೆಯನ್ನು ಕಣ್ಣಿಗೆ ಬೀಳದ ಕಡೆ ಸರಿಸುತ್ತಾರೆ. ಅದು ಎಲ್ಲಿದೆ ಅಂತ ನನಗೆ ಗೊತ್ತೇ ಇದೆ.

ಫೋನು ಮಾಡಬಹುದಿತ್ತು. ನಿನ್ನ ದನಿ ಕೇಳಿದರೆ ಇಷ್ಟು ಹೇಳಲು ಆಗುತ್ತಿರಲಿಲ್ಲ. ಮೌತ್‌ಪೀಸನ್ನು ಬೇರೆ ಪೊಟ್ಟಣದಲ್ಲಿ ಕಳಿಸಿದ್ದೇನೆ. ತಾತನಿಗೆ ತಲುಪಿಸು.

ನಿನ್ನ
ಗುಬ್ಬಿ


ಅಕ್ಟೋಬರ್ ೧೫

ಗುಬ್ಬಿ,

ನಿನ್ನ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಪಕ್ಕದ ಕುರ್ಚಿಯವನ ಭಾಗ ಬಂದಾಗ ಮುಂದಕ್ಕೆ ಓದಲು ಆಗಲಿಲ್ಲ. ಅವಳೇ ಕೈಯಿಂದ ತೆಗೆದುಕೊಂಡು ಓದಿದಳು.

ಏನು ಬರೆಯಬೇಕೋ ತಿಳಿಯುತ್ತಿಲ್ಲ. ಯಾರಾದರೂ ಒಂದು ಮೌತ್‌ಪೀಸ್ ತಂದು ಮೇಜಿನ ಮೇಲಿಟ್ಟರೆ ನನಗೆ ಮಾತು ತಾನಾಗಿ ಬರುತ್ತದೆ. ಯಾರದು, ಎಂದಿನದು, ಎಲ್ಲಿ ಕೆಟ್ಟಿದೆ, ಏನು ಮಾಡಿದರೆ ಸರಿಹೋಗುತ್ತದೆ. ನಿನಗೆ ಏನು ಮಾಡಿದರೆ ಸರಿಹೋಗುತ್ತದೆ ಎಂದು ನನಗೆ ಗೊತ್ತಿಲ್ಲ ಮಗಳೇ. ಗೊತ್ತಿರುವವನ ಹಾಗೆ ಏಳು ತಿಂಗಳು ಪೊಟ್ಟಣ ಕಟ್ಟಿದೆ.

ಸುಳ್ಳು ಹೇಳಬಹುದಿತ್ತು ಅಂದೆಯಲ್ಲ, ಇರಬಹುದು. ಈಗಲೂ ಬಸ್ ಸ್ಟಾಪಿನಲ್ಲಿ ನಿಂತಾಗ ಅದೇ ಯೋಚನೆ ಬರುತ್ತದೆ.

ಯಜಮಾನರ ಹತ್ತಿರ ರಜೆ ಕೇಳಿದೆ. ಎಷ್ಟು ದಿನ ಅಂದರು. ಹೇಳಲಾಗುವುದಿಲ್ಲ ಅಂದೆ. ಸರಿ ಹೋಗಿಬನ್ನಿ ಅಂದರು. ಗುರುವಾರ ಮಧ್ಯಾಹ್ನದ ರೈಲಿಗೆ ನಾವಿಬ್ಬರೂ ಬರುತ್ತಿದ್ದೇವೆ. ಅಮ್ಮ ಮೆಟ್ಟಿಲು ಹತ್ತುತ್ತಾಳೆ ಈಗ, ಒಂದೊಂದಕ್ಕೂ ನಿಂತು. ಸ್ಟೇಷನ್ನಿಗೆ ಯಾರೂ ಬರುವುದು ಬೇಡ; ನಿಮ್ಮ ಮನೆಯ ಮೂರು ಮಹಡಿ ಹತ್ತಲು ಅವಳಿಗೆ ಎಷ್ಟು ಹೊತ್ತು ಹಿಡಿದರೂ ಹಿಡಿಯಲಿ, ನೀನು ಕೆಳಗಿಳಿದು ಬಂದು ಕೈಹಿಡಿದರೆ ಅವಳಿಗೆ ಸಿಟ್ಟು ಬರುತ್ತದೆ. ಮೇಲೆಯೇ ಇರು.

ನಾನು ಏನನ್ನೂ ತರುತ್ತಿಲ್ಲ. ಬಂದು ಏನು ಮಾಡುತ್ತೇವೆಂದು ಕೇಳಬೇಡ. ಮಗುವನ್ನು ಎತ್ತಿಕೊಂಡು ಕೂರುತ್ತೇವೆ, ನೀನು ಮಾತಾಡಿದರೆ ಕೇಳುತ್ತೇವೆ, ಆಡದಿದ್ದರೆ ಇಲ್ಲ.

ಬಾಗಿಲು ತೆಗೆಯುವಾಗ ಮುಖ ಸರಿಮಾಡಿಕೊಳ್ಳಬೇಡ.

ಅಪ್ಪ